ಶತ್ರುವಿನ ಮಕ್ಕಳಿಗೂ ಅನ್ನವಿಟ್ಟ ಎಗ್ಲಾಂಟೈನ್ ಜೆಬ್

ಯುದ್ಧ ನಿಂತಿತು ಎಂಬ ಸುದ್ದಿ ಬಂದರೆ ನಾವೆಲ್ಲ ನಿಟ್ಟುಸಿರು ಬಿಡುತ್ತೇವೆ. ಮರುದಿನ ಆ ನಾಡಿನ ಮಕ್ಕಳಿಗೆ ಹಾಲು, ರೊಟ್ಟಿ ಎಲ್ಲಿಂದ ಬರಬೇಕು ಎಂದು ಯೋಚಿಸುವವರು ಕಡಿಮೆ. ನೂರು ವರ್ಷಗಳ ಹಿಂದೆಯೇ ಹಾಗೆ ಯೋಚಿಸಿದವರು ಎಗ್ಲಾಂಟೈನ್ ಜೆಬ್. ಸೇವ್ ದ ಚಿಲ್ಡ್ರನ್ ಸಂಸ್ಥೆಯ ಹೆಸರು ಕೇಳಿದ್ದೇವೆ, ಅದನ್ನು ಕಟ್ಟಿದವರು ಇವರೇ.

1876ರ ಆಗಸ್ಟ್ 25ರಂದು ಇಂಗ್ಲೆಂಡಿನ ಎಲ್ಸ್‌ಮಿಯರ್‌ನಲ್ಲಿ ಅನುಕೂಲಸ್ಥರ ಮನೆಯಲ್ಲಿ ಹುಟ್ಟಿದರು. ಆಕ್ಸ್‌ಫರ್ಡ್‌ನಲ್ಲಿ ಇತಿಹಾಸ ಓದಿ ಶಾಲಾ ಶಿಕ್ಷಕಿಯಾದರು. ಆ ಕೆಲಸ ಒಗ್ಗದೆ ಬೇಗನೆ ಬಿಟ್ಟರು. ಮದುವೆಯಾಗಲಿಲ್ಲ. 1913ರಲ್ಲಿ ಬಾಲ್ಕನ್ ಯುದ್ಧದಿಂದ ನಲುಗಿದ್ದ ಮ್ಯಾಸಿಡೋನಿಯಾಕ್ಕೆ ಪರಿಹಾರ ಕಾರ್ಯಕ್ಕೆಂದು ಹೋಗಿ, ನಿರಾಶ್ರಿತರ ಪಾಡನ್ನು ಕಣ್ಣಾರೆ ಕಂಡರು.

1918ರ ನವೆಂಬರ್‌ನಲ್ಲಿ ಮೊದಲ ಮಹಾಯುದ್ಧ ನಿಂತಿತು. ಆದರೆ ಸೋತ ದೇಶಗಳ ಮೇಲಿನ ನೌಕಾ ದಿಗ್ಬಂಧನ ಮರುವರ್ಷವೂ ಮುಂದುವರಿಯಿತು. ಜರ್ಮನಿ, ಆಸ್ಟ್ರಿಯಾಗಳಲ್ಲಿ ಮಕ್ಕಳು ಹಸಿವಿನಿಂದ ಸೊರಗುತ್ತಿದ್ದರು. ತಂಗಿ ಡೊರೊಥಿ ಬಕ್ಸ್‌ಟನ್ ಯುದ್ಧಕಾಲದಿಂದಲೇ ವಿದೇಶಿ ಪತ್ರಿಕೆಗಳ ವರದಿಗಳನ್ನು ಇಂಗ್ಲಿಷಿಗೆ ತಂದು ಪ್ರಕಟಿಸುತ್ತಿದ್ದರು. ಅಕ್ಕನೂ ಕೈಜೋಡಿಸಿದರು.

1919ರಲ್ಲಿ ಎಗ್ಲಾಂಟೈನ್ ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ, ಹಸಿದ ಆಸ್ಟ್ರಿಯನ್ ಮಗುವಿನ ಚಿತ್ರವಿದ್ದ ಕರಪತ್ರ ಹಂಚಿದರು. ಸೆನ್ಸಾರ್ ಅನುಮತಿ ಇಲ್ಲವೆಂದು ಅವರನ್ನು ಬಂಧಿಸಲಾಯಿತು. ನ್ಯಾಯಾಲಯದಲ್ಲಿ ತಮ್ಮ ಪರವಾಗಿ ತಾವೇ ವಾದಿಸಿದರು. ಸೋತರು, 5 ಪೌಂಡ್ ದಂಡ ಬಿತ್ತು. ವಿಚಾರಣೆ ಮುಗಿದ ಮೇಲೆ ಸರ್ಕಾರಿ ವಕೀಲ ಸರ್ ಆರ್ಚಿಬಾಲ್ಡ್ ಬಾಡ್ಕಿನ್ ತಾವೇ 5 ಪೌಂಡ್ ತೆಗೆದು ಆಕೆಯ ಕೈಗಿತ್ತರು. ಅದೇ ಹೊಸ ನಿಧಿಯ ಮೊದಲ ದೇಣಿಗೆಯಾಯಿತು! ಅದೇ ಮೇ 19ರಂದು ರಾಯಲ್ ಆಲ್ಬರ್ಟ್ ಹಾಲ್‌ನ ದೊಡ್ಡ ಸಭೆಯಲ್ಲಿ ಸಂಸ್ಥೆ ಶುರುವಾಯಿತು. ಗಣಿ ಕಾರ್ಮಿಕರು ಹಣ ಕೊಟ್ಟರು. ಪೋಪ್ 15ನೇ ಬೆನೆಡಿಕ್ಟ್ ಚರ್ಚುಗಳಲ್ಲಿ ದೇಣಿಗೆ ಸಂಗ್ರಹಿಸಲು ಕರೆ ಕೊಟ್ಟರು. 1920ರಲ್ಲಿ ಜಿನೀವಾದಲ್ಲಿ ಹಲವು ದೇಶಗಳ ಸಂಸ್ಥೆಗಳು ಸೇರಿ ಅಂತಾರಾಷ್ಟ್ರೀಯ ಒಕ್ಕೂಟವಾಯಿತು.

ನಾನು ಸಾಫ್ಟ್‌ವೇರ್ ಕ್ಷೇತ್ರದವಳು. ಆದ್ದರಿಂದಲೋ ಏನೋ, ಆಕೆಯ ಕರುಣೆಯಷ್ಟೇ ಆಕೆಯ ಕೆಲಸದ ಕ್ರಮವೂ ನನಗೆ ಇಷ್ಟ. ದಾನವೆಂದರೆ ಕನಿಕರ ಬಂದಾಗ ಕೊಡುವುದಲ್ಲ, ಯೋಜನೆ ಹಾಕಿ ಮಾಡಬೇಕಾದ ಕೆಲಸ ಎಂಬುದು ಆಕೆಯ ನಿಲುವು. ಪತ್ರಿಕೆಗಳಲ್ಲಿ ಪುಟ ತುಂಬ ಜಾಹೀರಾತು ಕೊಟ್ಟರು. 1921ರ ರಷ್ಯಾ ಬರಗಾಲದಲ್ಲಿ ಚಲನಚಿತ್ರವನ್ನೂ ಪ್ರಚಾರಕ್ಕೆ ಬಳಸಿದರು. ಟಾರ್ಚೆಲ್ಲೊ ಎಂಬ ಹಡಗು 600 ಟನ್ ಸಾಮಗ್ರಿ ಹೊತ್ತು ಹೊರಟಿತು, ಸರಾಟೊವ್ ಪ್ರದೇಶದಲ್ಲಿ ಮಕ್ಕಳ ಅಡುಗೆಮನೆಗಳು ತೆರೆದವು. ಕಮ್ಯುನಿಸ್ಟರ ಮಕ್ಕಳಿಗೇಕೆ ನಮ್ಮ ಹಣ ಎಂದವರೂ ಇದ್ದರು. ಅವರು ಲೆಕ್ಕಿಸಲಿಲ್ಲ. ಊಟ ಹಾಕಿ ಹಿಂತಿರುಗುವುದೂ ಅವರ ರೀತಿಯಲ್ಲ. ಬಲ್ಗೇರಿಯಾದಲ್ಲಿ ನಿರಾಶ್ರಿತರಿಗೆಂದು ಅಟೊಲೊವೊ ಎಂಬ ಹಳ್ಳಿಯನ್ನೇ ಸಂಸ್ಥೆ ಕಟ್ಟಿಸಿತು.

1923ರಲ್ಲಿ ಮಕ್ಕಳ ಹಕ್ಕುಗಳನ್ನು ಐದೇ ಅಂಶಗಳಲ್ಲಿ ಬರೆದರು. ಹಸಿದ ಮಗುವಿಗೆ ಅನ್ನ, ರೋಗಿಗೆ ಆರೈಕೆ, ಅನಾಥನಿಗೆ ಆಸರೆ, ಆಪತ್ತಿನಲ್ಲಿ ಮೊದಲ ನೆರವು ಮಗುವಿಗೆ ಎಂಬುದು ಅದರ ಸಾರ. ಮರುವರ್ಷ ಲೀಗ್ ಆಫ್ ನೇಷನ್ಸ್ ಅದನ್ನು ಅಂಗೀಕರಿಸಿತು. 1928ರ ಡಿಸೆಂಬರ್ 17ರಂದು, 52ನೇ ವಯಸ್ಸಿನಲ್ಲಿ, ಎಗ್ಲಾಂಟೈನ್ ಜಿನೀವಾದಲ್ಲೇ ತೀರಿಕೊಂಡರು. ಅವರು ನೆಟ್ಟ ಸಸಿ ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯಾಗಿ ಬೆಳೆಯಿತು. 1992ರಲ್ಲಿ ಭಾರತವೂ ಅದಕ್ಕೆ ಸೇರಿತು.

ಶಾಂತಿ ಒಪ್ಪಂದಗಳಿಗೆ ಸಹಿ ಹಾಕುವವರು ದೊಡ್ಡವರು. ಆ ಶಾಂತಿ ಉಳಿಯಬೇಕಾದರೆ ನಿನ್ನೆಯ ಶತ್ರುವಿನ ಮಗು ಹಸಿದು, ಮುನಿದು ಬೆಳೆಯಬಾರದು. ಸ್ವಂತ ಮಕ್ಕಳಿಲ್ಲದ, ಯಾವ ಅಧಿಕಾರವೂ ಇಲ್ಲದ ಒಬ್ಬ ಹೆಣ್ಣುಮಗಳು ಕರಪತ್ರ ಹಿಡಿದು ರಸ್ತೆಗಿಳಿದು ಇದನ್ನು ಜಗತ್ತಿಗೆ ತಿಳಿಸಿದರು. ಪ್ರಪಂಚದ ಕಷ್ಟಕ್ಕೆ ನಾವೇನು ಮಾಡಲಾದೀತು ಎಂದು ಅನಿಸಿದಾಗಲೆಲ್ಲ ನನಗೆ ಆ 5 ಪೌಂಡ್ ನೆನಪಾಗುತ್ತದೆ.