ಬುಧಿ ಕುಂದರನ್

ಗದಗ-ಬೆಟಗೇರಿಯ ಬಯಲಿನಲ್ಲಾಗಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಶಾಲೆಯ ಅಂಗಳದಲ್ಲಾಗಲಿ ಹುಡುಗರು ಕ್ರಿಕೆಟ್ ಆಡತೊಡಗಿದರೆ ಬ್ಯಾಟು ಹಿಡಿಯಲು ಎಲ್ಲರೂ ಮುಂದಾಗುತ್ತಾರೆ. ವಿಕೆಟ್ಟಿನ ಹಿಂದೆ ಕುಳಿತು ಚೆಂಡು ಹಿಡಿಯಲು ಒಪ್ಪುವವರು ವಿರಳ. ಅಮೆರಿಕದ ಬೇಸ್‌ಬಾಲ್ ಆಟದಲ್ಲಿ ಕ್ಯಾಚರ್ ಎಂಬಾತನಿಗೂ ಇಂಥದೇ ಕಷ್ಟದ ಸ್ಥಾನ. ಒಂದೊಂದು ಎಸೆತಕ್ಕೂ ಬಾಗಿ ಏಳಬೇಕು, ದಿನವಿಡೀ ಕಣ್ಣು ಎವೆಯಿಕ್ಕದಂತಿರಬೇಕು. ಹಿಡಿದ ನೂರು ಚೆಂಡುಗಳನ್ನು ಜನರು ಮರೆಯುತ್ತಾರೆ, ಕೈಬಿಟ್ಟ ಒಂದನ್ನು ಮರೆಯುವುದಿಲ್ಲ. ಇದಕ್ಕಿಂತ ದೊಡ್ಡ ತೊಡಕೆಂದರೆ ತಂಡದಲ್ಲಿ ಈ ಸ್ಥಾನ ಒಂದೇ ಇರುವುದು. ಇಬ್ಬರು ಸಮರ್ಥರಿದ್ದರೆ ಒಬ್ಬರು ಹೊರಗುಳಿಯಲೇಬೇಕು. ಬುಧಿಸಾಗರ ಕೃಷ್ಣಪ್ಪ ಕುಂದರನ್ ಅವರ ಬಾಳಿನಲ್ಲಿ ಈ ಸಂಗತಿ ಮತ್ತೆ ಮತ್ತೆ ಎದುರಾಯಿತು.

ಕುಂದರನ್ ಅವರು 1939ರ ಅಕ್ಟೋಬರ್ 2ರಂದು ದಕ್ಷಿಣ ಕನ್ನಡದ ಮೂಲ್ಕಿಯಲ್ಲಿ ಜನಿಸಿದರು. ಬೆಳೆದುದು ಮುಂಬಯಿಯಲ್ಲಿ. ಒಂಬತ್ತು ಜನರ ಕುಟುಂಬಕ್ಕೆ ಇದ್ದುದು ಒಂದೇ ಕೋಣೆ. ಮಗ ಕ್ರಿಕೆಟ್ಟಿನ ಹಿಂದೆ ಬೀಳುವುದು ತಂದೆಗೆ ಒಪ್ಪಿಗೆಯಿರಲಿಲ್ಲ. ಶಾಲೆಯ ತಂಡಕ್ಕೆ ಆಯ್ಕೆಯಾದಾಗ ತೊಡಲು ಬಿಳಿಯ ಉಡುಪು ಕೂಡ ಇಲ್ಲದಿರಲು, ತಾಯಿ ಗಂಡನಿಗೆ ತಿಳಿಯದಂತೆ ಅವರ ಬಟ್ಟೆಯನ್ನೇ ಕತ್ತರಿಸಿ ಮಗನ ಅಳತೆಗೆ ಹೊಲಿದುಕೊಟ್ಟರು. ಆ ಉಡುಪಿನಲ್ಲಿ ಆಡಿದ ಬಾಲಕ 219 ರನ್ನುಗಳನ್ನು ಗಳಿಸಿದನು. ಪತ್ರಿಕೆಯಲ್ಲಿ ಮಗನ ಭಾವಚಿತ್ರ ಅಚ್ಚಾದ ಮೇಲೆ ತಂದೆಯ ವಿರೋಧವೂ ಕರಗಿತು.

1960ರ ಜನವರಿ 1ರಂದು ಮುಂಬಯಿಯಲ್ಲಿ ಆಸ್ಟ್ರೇಲಿಯದ ವಿರುದ್ಧ ಟೆಸ್ಟ್ ಪಂದ್ಯ ಆರಂಭವಾಗಲಿತ್ತು. ಇಪ್ಪತ್ತು ವರ್ಷದ ಕುಂದರನ್ ಆಯ್ಕೆಯಾಗಿದ್ದರು. ರಣಜಿ ಟ್ರೋಫಿಯ ಒಂದು ಪಂದ್ಯವನ್ನೂ ಅವರು ಅಲ್ಲಿಯವರೆಗೆ ಆಡಿರಲಿಲ್ಲ! ಮನೆಯಲ್ಲಿ ಕಾಲು ಚಾಚಲು ಎಡೆಯಿಲ್ಲದ ಕಾರಣ ಪಂದ್ಯದ ಹಿಂದಿನ ರಾತ್ರಿ ಹತ್ತಿರದ ಉದ್ಯಾನವೊಂದರಲ್ಲಿ ಮಲಗಿದರು. ಕೈಗವಸುಗಳನ್ನು ನರೇನ್ ತಮ್ಹಾನೆಯವರಿಂದ ಎರವಲು ಪಡೆದರು. ಯಾರ ಸ್ಥಾನಕ್ಕೆ ಕುಂದರನ್ ಬಂದಿದ್ದರೋ ಆ ತಮ್ಹಾನೆಯವರೇ ಅವನ್ನು ಕೊಟ್ಟರೆಂಬುದು ಗಮನಿಸತಕ್ಕ ಮಾತು. ಮುಂದಿನ ಮದ್ರಾಸ್ ಟೆಸ್ಟಿನಲ್ಲಿ ಭಾರತವು 149 ರನ್ನುಗಳಿಗೆ ಕುಸಿದಾಗ ಅದರಲ್ಲಿ 71 ಕುಂದರನ್ ಅವರವು. ಬಳಿಕ ರೈಲ್ವೆ ತಂಡದ ಪರವಾಗಿ ತಮ್ಮ ಮೊದಲ ರಣಜಿ ಪಂದ್ಯದಲ್ಲಿ ಅವರು ದ್ವಿಶತಕವನ್ನೇ ಬಾರಿಸಿದರು.

ಆದರೆ ಅದೇ ಕಾಲಕ್ಕೆ ಫರೂಕ್ ಎಂಜಿನಿಯರ್ ಎಂಬ ಇನ್ನೊಬ್ಬ ವಿಕೆಟ್ ರಕ್ಷಕರು ಮುಂದೆ ಬಂದರು. ಅವರೂ ಬಿರುಸಿನ ದಾಂಡಿಗರೇ. 1964ರ ಜನವರಿಯಲ್ಲಿ ಇಂಗ್ಲೆಂಡಿನ ತಂಡ ಮದ್ರಾಸಿಗೆ ಬಂದಾಗ ಎಂಜಿನಿಯರ್ ಅಸ್ವಸ್ಥರಾದುದರಿಂದ ಕುಂದರನ್ ಅವರಿಗೆ ಕರೆ ಬಂದಿತು. ಆರಂಭ ದಾಂಡಿಗರಾಗಿ ಇಳಿದ ಅವರು ಮೊದಲ ದಿನವೇ 170 ರನ್ನುಗಳನ್ನು ಗಳಿಸಿ ಅಜೇಯರಾಗಿ ಉಳಿದರು. ಮರುದಿನ 192ಕ್ಕೆ ಔಟಾದರು. ಭಾರತದ ವಿಕೆಟ್ ರಕ್ಷಕರಲ್ಲಿ ಯಾರೂ 49 ವರ್ಷಗಳ ಕಾಲ ಈ ಮೊತ್ತವನ್ನು ದಾಟಲಿಲ್ಲ. 2013ರಲ್ಲಿ ಮಹೇಂದ್ರಸಿಂಗ್ ಧೋನಿ ಅದನ್ನು ದಾಟಿದುದು ಅದೇ ನಗರದಲ್ಲಿ. ದಿಲ್ಲಿಯ ಪಂದ್ಯದಲ್ಲಿ ಕುಂದರನ್ ಮತ್ತೊಂದು ಶತಕ ಬಾರಿಸಿ, ಐದು ಟೆಸ್ಟುಗಳಲ್ಲಿ ಒಟ್ಟು 525 ರನ್ನುಗಳನ್ನು ಸೇರಿಸಿದರು.

ಇಷ್ಟಾದ ಮೇಲೆ ಅವರ ಸ್ಥಾನ ಭದ್ರವಾಯಿತೆಂದು ಯಾರಾದರೂ ಭಾವಿಸುವರು. ಹಾಗಾಗಲಿಲ್ಲ. ಅದೇ ವರ್ಷ ಆಸ್ಟ್ರೇಲಿಯದ ತಂಡ ಬಂದಾಗ ವಿಕೆಟ್ಟಿನ ಹಿಂದೆ ನಿಂತವರು ಇಂದ್ರಜಿತ್‌ಸಿಂಹಜಿ. ವಿಕೆಟ್ ರಕ್ಷಣೆಯಲ್ಲಿ ಕುಂದರನ್ ಅವರಿಗಿಂತ ನುರಿತವರು ಇದ್ದಿರಬಹುದು. ಆದರೂ 525 ರನ್ನು ಗಳಿಸಿದವರನ್ನು ಹೊರಗಿಟ್ಟುದು ನ್ಯಾಯವೆನಿಸುವುದಿಲ್ಲ. 1966ರಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಅವರು ಮರಳಿ ಬಂದರು. ಸರಣಿಯ ಮೂರನೆಯ ಪಂದ್ಯಕ್ಕೆ ಎಂಜಿನಿಯರ್ ಹಿಂದಿರುಗಿ ಭೋಜನ ವಿರಾಮದೊಳಗೇ 94 ರನ್ನುಗಳನ್ನು ಸಿಡಿಸಿದರು. ಕುಂದರನ್ ಮತ್ತೆ ಹೊರಗೆ.

1967ರ ಇಂಗ್ಲೆಂಡ್ ಪ್ರವಾಸದಲ್ಲಿ ಇಬ್ಬರೂ ಒಟ್ಟಿಗೆ ಆಡಿದರು. ಕೈಗವಸು ಎಂಜಿನಿಯರ್ ಅವರ ಪಾಲಾಯಿತು. ಕುಂದರನ್ ಬರಿಯ ದಾಂಡಿಗರಾಗಿ ಉಳಿದರು. ಬರ್ಮಿಂಗ್‌ಹ್ಯಾಮಿನ ಟೆಸ್ಟಿಗೆ ನಾಯಕ ಪಟೌಡಿಯವರು ಬೇಡಿ, ಪ್ರಸನ್ನ, ಚಂದ್ರಶೇಖರ್, ವೆಂಕಟರಾಘವನ್ ಎಂಬ ನಾಲ್ವರು ಸ್ಪಿನ್ ಬೌಲರುಗಳನ್ನೂ ಆಡಿಸಿದ್ದರಿಂದ ಹೊಸ ಚೆಂಡನ್ನು ಎಸೆಯುವವರ ಕೊರತೆಯಾಯಿತು. ಆ ಕೆಲಸ ಕುಂದರನ್ ಅವರಿಗೆ ಬಂದಿತು. ಯಾವ ಬಗೆಯ ಬೌಲಿಂಗ್ ಮಾಡುವೆಯೆಂದು ನಾಯಕರು ಕೇಳಿದಾಗ, ಎಸೆದ ಮೇಲಷ್ಟೇ ತನಗೂ ತಿಳಿಯುವುದೆಂದು ಅವರು ಉತ್ತರಿಸಿದರಂತೆ! ಒಂದೇ ಟೆಸ್ಟಿನಲ್ಲಿ ಬ್ಯಾಟಿಂಗನ್ನೂ ಬೌಲಿಂಗನ್ನೂ ಆರಂಭಿಸಿದ ಆ ಪಂದ್ಯವೇ ಅವರ ಕೊನೆಯ ಟೆಸ್ಟಾಯಿತು. ಆಗಿನ್ನೂ ಅವರಿಗೆ 28 ತುಂಬಿರಲಿಲ್ಲ. 18 ಟೆಸ್ಟುಗಳಲ್ಲಿ ಅವರು ಗಳಿಸಿದ ರನ್ನುಗಳು 981.

ಕೆಲವು ಕಾಲ ಅಂದಿನ ಮೈಸೂರು ರಾಜ್ಯದ ಪರವಾಗಿ ಆಡಿದ ಬಳಿಕ ಕುಂದರನ್ ಸ್ಕಾಟ್ಲೆಂಡಿಗೆ ತೆರಳಿ ಅಲ್ಲಿಯೇ ನೆಲೆಸಿದರು. ಗ್ಲಾಸ್ಗೋ ಸಮೀಪದ ಡ್ರಂಪೆಲಿಯರ್ ಕ್ಲಬ್ಬಿನಲ್ಲಿ ಹಲವು ವರ್ಷ ಆಡಿದರು. ನಲವತ್ತು ದಾಟಿದ ಮೇಲೆ ಸ್ಕಾಟ್ಲೆಂಡ್ ತಂಡದ ಉಡುಪನ್ನೂ ತೊಟ್ಟರು. 2006ರ ಜೂನ್ 23ರಂದು ಗ್ಲಾಸ್ಗೋದಲ್ಲಿ, ಮೂಲ್ಕಿಯ ಕಡಲತೀರದಿಂದ ಬಹುದೂರದಲ್ಲಿ, ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡರು.