ಉಪ್ಪಿನ ತೆರಿಗೆಗೂ ಮೀನಿನ ಬೆಲೆಗೂ ಇದ್ದ ನಂಟು ಹೇಳಿದ ಕೊಚ್ಚಿಯ ಡಾಕ್ಟರ್ ಫ್ರಾನ್ಸಿಸ್ ಡೇ

ಕೊಚ್ಚಿ: ಬಲೆ ತುಂಬಾ ಮೀನು ಬಿದ್ದ ದಿನವೇ ದಕ್ಕೆಯಲ್ಲಿ ದರ ಕುಸಿಯುತ್ತದೆ. ತಿರುವನಂತಪುರದ ವಿಳಿಂಜಂನಿಂದ ಕೊಚ್ಚಿ, ಮಂಗಳೂರು, ಮಲ್ಪೆವರೆಗೂ ಮೀನುಗಾರರಿಗೆ ಇದು ಗೊತ್ತಿರುವ ಸಂಗತಿ. ಮೀನು ಬೇಗ ಕೆಡುತ್ತದೆ, ಆದ್ದರಿಂದ ಸಿಕ್ಕ ಬೆಲೆಗೆ ಮಾರಲೇಬೇಕು. ಐಸ್ ಇಲ್ಲದ ಕಾಲದಲ್ಲಿ ಇದಕ್ಕಿದ್ದ ದೊಡ್ಡ ಪರಿಹಾರ ಉಪ್ಪು. ಆದರೆ ಬ್ರಿಟಿಷ್ ಸರ್ಕಾರದ ತೆರಿಗೆಯಿಂದಾಗಿ ಉಪ್ಪೇ ದುಬಾರಿಯಾಗಿತ್ತು. ಇದನ್ನು ಸರ್ಕಾರದ ಗಮನಕ್ಕೆ ತಂದವರಲ್ಲಿ ಫ್ರಾನ್ಸಿಸ್ ಡೇ ಪ್ರಮುಖರು.

1829ರಲ್ಲಿ ಇಂಗ್ಲೆಂಡಿನ ಸಸೆಕ್ಸ್‌ನಲ್ಲಿ ಹುಟ್ಟಿದ ಡೇ, 1852ರಲ್ಲಿ ಮದ್ರಾಸ್ ವೈದ್ಯಕೀಯ ಸೇವೆಗೆ ಸೇರಿದರು. ಮುಂದೆ ಕೊಚ್ಚಿಯಲ್ಲಿ ಸಿವಿಲ್ ಸರ್ಜನ್ ಆದರು. ಅಲ್ಲಿನ ಮೀನುಗಳು ಅವರ ಬದುಕಿನ ದಾರಿಯನ್ನೇ ಬದಲಿಸಿದವು. 1863ರಲ್ಲಿ ಕೊಚ್ಚಿಯ ಇತಿಹಾಸವನ್ನೂ, 1865ರಲ್ಲಿ ಮಲಬಾರಿನ ಮೀನುಗಳ ಕುರಿತ ಗ್ರಂಥವನ್ನೂ ಪ್ರಕಟಿಸಿದರು.

1871ರಲ್ಲಿ ಮೀನುಗಾರಿಕೆಯ ಇನ್‌ಸ್ಪೆಕ್ಟರ್ ಜನರಲ್ ಹುದ್ದೆ ದೊರೆಯಿತು. 1873ರಲ್ಲಿ ಅವರು ಎರಡು ವರದಿಗಳನ್ನು ನೀಡಿದರು. ಒಂದು ಸಮುದ್ರದ ಮೀನುಗಾರಿಕೆಯದ್ದು, ಇನ್ನೊಂದು ಸಿಹಿನೀರಿನದ್ದು. ಸಮುದ್ರದ ವಿಚಾರದಲ್ಲಿ ಅವರಿಗೆ ಕಂಡ ಕೊರತೆ ಮೀನಿನದ್ದಲ್ಲ, ಅಗ್ಗದ ಉಪ್ಪಿನದ್ದು. ಬಡ ಮೀನುಗಾರರು ಕಡಲತಡಿಯ ಉಪ್ಪುಮಣ್ಣನ್ನೇ ಮೀನಿಗೆ ಹಚ್ಚುತ್ತಿದ್ದರು. ಅಂಥ ಒಣಮೀನು ಬಾಳಿಕೆ ಬರುತ್ತಿರಲಿಲ್ಲ, ಒಳ್ಳೆಯ ಬೆಲೆಯೂ ಸಿಗುತ್ತಿರಲಿಲ್ಲ.

ಅದೇ ದಶಕದಲ್ಲಿ ಮದ್ರಾಸ್ ಪ್ರಾಂತ್ಯದ ಕರಾವಳಿಯಲ್ಲಿ ಮೀನಿಗೆ ಉಪ್ಪು ಹಾಕುವ ಸರ್ಕಾರಿ ಅಂಗಳಗಳು ಶುರುವಾದವು. ಅಲ್ಲಿ ಸಿಗುವ ಉಪ್ಪಿಗೆ ತೆರಿಗೆ ಇರಲಿಲ್ಲ, ಆದರೆ ಅದನ್ನು ಅಂಗಳದೊಳಗೇ ಬಳಸಬೇಕಿತ್ತು. ಆಗ ಮದ್ರಾಸ್ ಪ್ರಾಂತ್ಯಕ್ಕೇ ಸೇರಿದ್ದ ಮಲಬಾರ್ ಮತ್ತು ದಕ್ಷಿಣ ಕನ್ನಡಕ್ಕೂ ಈ ವ್ಯವಸ್ಥೆ ಬಂತು. ಹೆಚ್ಚು ಬಿದ್ದ ಬಂಗುಡೆ, ಬೂತಾಯಿಯನ್ನು ಅಂದೇ ಮಾರಿ ಮುಗಿಸಬೇಕೆಂಬ ಒತ್ತಡ ಇದರಿಂದ ತಗ್ಗಿತು.

ನದಿ, ಕೆರೆಗಳ ವಿಚಾರದಲ್ಲಿ ಡೇ ಅವರ ಚಿಂತೆ ಬೇರೆಯಿತ್ತು. ಸಣ್ಣ ಕಣ್ಣಿನ ಬಲೆಗಳಲ್ಲಿ ಮರಿಮೀನು ಸಾಯುತ್ತಿದ್ದುದನ್ನು ಕಂಡು, ಬಲೆಗೆ ಕನಿಷ್ಠ ಕಣ್ಣಿನ ಅಳತೆ ಬೇಕೆಂದು ಶಿಫಾರಸು ಮಾಡಿದರು. ಸರ್ಕಾರ ತಕ್ಷಣ ಕಾನೂನು ತರಲಿಲ್ಲ. 1877ರಲ್ಲಿ ನಿವೃತ್ತರಾದ ಅವರು 1889ರಲ್ಲಿ ಇಂಗ್ಲೆಂಡಿನಲ್ಲಿ ತೀರಿಕೊಂಡರು. ನೀರಿಗೆ ವಿಷ ಹಾಕಿ, ಸಿಡಿಮದ್ದು ಸಿಡಿಸಿ ಮೀನು ಹಿಡಿಯುವುದನ್ನು ನಿಷೇಧಿಸಿದ ಭಾರತೀಯ ಮೀನುಗಾರಿಕೆ ಕಾಯ್ದೆ ಬಂದಿದ್ದು 1897ರಲ್ಲಿ, ಅವರು ತೀರಿಕೊಂಡು 8 ವರ್ಷಗಳಾದ ಮೇಲೆ.

ಇಂದು ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರ ಕಚೇರಿ ಇರುವುದು ಕೊಚ್ಚಿಯಲ್ಲೇ. ಸಮುದ್ರದಲ್ಲೂ ಮರಿಮೀನು ಉಳಿಸಲು ಕೇರಳ ಸರ್ಕಾರ ಹಲವು ಜಾತಿಗಳಿಗೆ ಕನಿಷ್ಠ ಗಾತ್ರ ನಿಗದಿ ಮಾಡಿದೆ. ಉಪ್ಪಿನ ಜಾಗಕ್ಕೆ ಐಸ್ ಬಂದಿದೆ. ಆದರೆ ಹಿಡಿದ ಮೀನನ್ನು ಎಷ್ಟು ಹೊತ್ತು ಇಟ್ಟುಕೊಳ್ಳಬಲ್ಲ ಎಂಬುದರ ಮೇಲೆಯೇ ಇವತ್ತಿಗೂ ಮೀನುಗಾರನ ಕೈಗೆ ಸಿಗುವ ಕಾಸು ನಿಂತಿದೆ.