ಮನೆ ಬಾಗಿಲಿಗೆ ಕ್ಯಾಮೆರಾ ಕಟ್ಟಿದ ನರ್ಸ್: ಮೇರಿ ವ್ಯಾನ್ ಬ್ರಿಟ್ಟನ್ ಬ್ರೌನ್ ಬದುಕಿನ ಕಥೆ

ರಾತ್ರಿ ಹನ್ನೊಂದರ ಹೊತ್ತಿಗೆ ಕಾಲಿಂಗ್ ಬೆಲ್ ಆದರೆ ಮುಂಬೈ, ಪುಣೆ, ಹೈದರಾಬಾದ್‌ನ ಎಷ್ಟೋ ಮನೆಗಳಲ್ಲಿ ಈಗ ಯಾರೂ ನೇರವಾಗಿ ಬಾಗಿಲ ಬಳಿ ಹೋಗುವುದಿಲ್ಲ. ಮೊದಲು ಮೊಬೈಲ್ ತೆಗೆಯುತ್ತಾರೆ. ಹೊರಗೆ ನಿಂತವರ ಮುಖ ಪರದೆಯಲ್ಲಿ ಕಾಣುತ್ತದೆ. ಯಾರು, ಏನು ಬೇಕು ಎಂದು ಕುಳಿತಲ್ಲಿಂದಲೇ ಕೇಳಬಹುದು. ಪರಿಚಿತರಾದರೆ ಬಟನ್ ಒತ್ತಿ ಬೀಗ ತೆಗೆಯಬಹುದು, ಅನುಮಾನ ಬಂದರೆ ಸೆಕ್ಯುರಿಟಿಗೆ ತಿಳಿಸಬಹುದು.

ಇದೆಲ್ಲ ಸ್ಮಾರ್ಟ್‌ಫೋನ್ ಯುಗದ ಕೊಡುಗೆ ಎಂದುಕೊಂಡಿದ್ದೀರಾ? ಈ ಎಲ್ಲ ಕೆಲಸಗಳನ್ನೂ ಮಾಡುವ ವ್ಯವಸ್ಥೆಯೊಂದರ ವಿವರ ಅಮೆರಿಕದ ಪೇಟೆಂಟ್ ಕಚೇರಿಗೆ ಸಲ್ಲಿಕೆಯಾಗಿದ್ದು 1966ರಲ್ಲಿ. ಸಲ್ಲಿಸಿದವರು ದೊಡ್ಡ ಕಂಪನಿಯ ಎಂಜಿನಿಯರ್ ಆಗಿರಲಿಲ್ಲ. ನ್ಯೂಯಾರ್ಕ್‌ನ ಒಬ್ಬ ಕಪ್ಪುವರ್ಣೀಯ ನರ್ಸ್ ಮತ್ತು ಅವರ ಪತಿ. ಆ ನರ್ಸ್ ಹೆಸರು ಮೇರಿ ವ್ಯಾನ್ ಬ್ರಿಟ್ಟನ್ ಬ್ರೌನ್. ಮನೆಗೆಂದೇ ರೂಪಿಸಿದ ಸಿಸಿಟಿವಿ ಭದ್ರತಾ ವ್ಯವಸ್ಥೆಯ ಮೂಲ ಹುಡುಕಿದರೆ ಎದುರಾಗುವ ಮೊದಲ ಹೆಸರು ಅವರದೇ.

ಕ್ವೀನ್ಸ್‌ನ ಮನೆ, ರಾತ್ರಿಯ ಭಯ

ಮೇರಿ ಹುಟ್ಟಿದ್ದು 1922ರ ಅಕ್ಟೋಬರ್ 30ರಂದು, ನ್ಯೂಯಾರ್ಕ್ ನಗರದ ಕ್ವೀನ್ಸ್‌ನಲ್ಲಿ. ಅವರು ಬದುಕು ಕಟ್ಟಿಕೊಂಡದ್ದೂ ಅಲ್ಲಿನ ಜಮೈಕಾ ಎಂಬ ಬಡಾವಣೆಯಲ್ಲೇ. ವೃತ್ತಿಯಿಂದ ನರ್ಸ್. ಪತಿ ಆಲ್ಬರ್ಟ್ ಬ್ರೌನ್ ಎಲೆಕ್ಟ್ರಾನಿಕ್ಸ್ ತಂತ್ರಜ್ಞ. ಇಬ್ಬರ ಕೆಲಸಕ್ಕೂ ಇಂತಿಷ್ಟೇ ಹೊತ್ತು ಎಂಬುದಿರಲಿಲ್ಲ. ಒಬ್ಬರು ಮನೆಗೆ ಬರುವಾಗ ಇನ್ನೊಬ್ಬರು ಹೊರಡುವುದು, ರಾತ್ರಿ ಒಬ್ಬರೇ ಮನೆಯಲ್ಲಿ ಉಳಿಯುವುದು ಮಾಮೂಲಾಗಿತ್ತು.

1960ರ ದಶಕದ ನ್ಯೂಯಾರ್ಕ್‌ನಲ್ಲಿ ಕಳ್ಳತನ, ದರೋಡೆ ಹೆಚ್ಚುತ್ತಿದ್ದವು. 1964ರ ಮಾರ್ಚ್‌ನಲ್ಲಿ ಇದೇ ಕ್ವೀನ್ಸ್‌ನ ಕ್ಯೂ ಗಾರ್ಡನ್ಸ್‌ನಲ್ಲಿ ಕಿಟ್ಟಿ ಜಿನೊವೀಸ್ ಎಂಬ ಯುವತಿ ಕೆಲಸ ಮುಗಿಸಿ ನಸುಕಿನಲ್ಲಿ ಮನೆಗೆ ಮರಳುವಾಗ ಮನೆಯ ಹತ್ತಿರವೇ ಕೊಲೆಯಾದರು. ಅಕ್ಕಪಕ್ಕದ ಮನೆಗಳ ಹತ್ತಾರು ಜನ ನೋಡಿಯೂ ಸುಮ್ಮನಿದ್ದರು ಎಂದು ಆಗ ಪತ್ರಿಕೆಗಳು ಬರೆದವು. ಆ ವರದಿಯಲ್ಲಿ ಉತ್ಪ್ರೇಕ್ಷೆಯಿತ್ತು ಎಂಬುದು ನಂತರ ಬಯಲಾಯಿತು. ಆದರೆ ರಾತ್ರಿ ಪಾಳಿಯಲ್ಲಿ ದುಡಿಯುವ ಹೆಣ್ಣುಮಕ್ಕಳ ಎದೆಯಲ್ಲಿ ಆ ಸುದ್ದಿ ಹುಟ್ಟಿಸಿದ ನಡುಕ ನಿಜವಾದದ್ದೇ.

ಇನ್ನೊಂದು ತೊಂದರೆಯೂ ಇತ್ತು. ಪೊಲೀಸರನ್ನು ಕರೆಯಲು 911 ಎಂಬ ಒಂದೇ ತುರ್ತು ಸಂಖ್ಯೆ ನ್ಯೂಯಾರ್ಕ್ ನಗರಕ್ಕೆ ಬಂದಿದ್ದು 1968ರಲ್ಲಿ. ಅದಕ್ಕೂ ಮೊದಲು ಸರಿಯಾದ ನಂಬರ್ ಹುಡುಕಿ, ಡಯಲ್ ತಿರುಗಿಸಿ, ವಿಷಯ ವಿವರಿಸಿ, ಆಮೇಲೆ ಕಾಯಬೇಕಿತ್ತು. ಮೇರಿ ಇದ್ದ ಬಡಾವಣೆಗೆ ಪೊಲೀಸರು ಬರುವುದು ತಡವಾಗುತ್ತಿತ್ತು. ಬಾಗಿಲು ಬಡಿದ ಸದ್ದಿಗೂ ಸಹಾಯ ತಲುಪುವುದಕ್ಕೂ ನಡುವೆ ಇದ್ದ ಆ ನಿಮಿಷಗಳನ್ನು ಒಂಟಿಯಾಗಿ ಹೇಗೆ ಕಳೆಯುವುದು? ಮೇರಿ ಅವರನ್ನು ಕಾಡಿದ್ದು ಇದೇ ಪ್ರಶ್ನೆ.

ಬಾಗಿಲಿನಲ್ಲಿ ನಾಲ್ಕು ಕಿಂಡಿ

ಬಾಗಿಲಿಗೆ ಇಣುಕುಕಿಂಡಿ ಆಗಲೂ ಇತ್ತು. ಆದರೆ ಅದರಲ್ಲಿ ನೋಡಬೇಕೆಂದರೆ ಬಾಗಿಲಿಗೆ ಕಣ್ಣು ಹಚ್ಚಿ ನಿಲ್ಲಬೇಕು. ಅಪಾಯ ಆಚೆ ಬದಿಯಲ್ಲೇ ಇದ್ದರೆ ಅದಕ್ಕೂ ನಮಗೂ ನಡುವೆ ಒಂದು ಹಲಗೆಯಷ್ಟೇ ಅಂತರ. ಕಿಂಡಿ ಒಂದೇ ಎತ್ತರದಲ್ಲಿರುವುದರಿಂದ ಬಗ್ಗಿ ನಿಂತವರಾಗಲಿ ಪುಟ್ಟ ಮಕ್ಕಳಾಗಲಿ ಸರಿಯಾಗಿ ಕಾಣುತ್ತಿರಲಿಲ್ಲ.

ಮೇರಿ ಮತ್ತು ಆಲ್ಬರ್ಟ್ ಕಂಡುಕೊಂಡ ಪರಿಹಾರ ಹೀಗಿತ್ತು. ಬಾಗಿಲಿನಲ್ಲಿ ಒಂದರ ಕೆಳಗೊಂದರಂತೆ ನಾಲ್ಕು ಕಿಂಡಿಗಳು. ಮೇಲಿನದು ಎತ್ತರದವರಿಗೆ, ಕೆಳಗಿನದು ಮಕ್ಕಳಿಗೆ, ನಡುವಿನವು ಉಳಿದವರಿಗೆ. ಬಾಗಿಲ ಒಳಬದಿಯಲ್ಲಿ ಮೋಟಾರಿನ ಸಹಾಯದಿಂದ ಮೇಲೆ ಕೆಳಗೆ ಸರಿಯುವ ಕ್ಯಾಮೆರಾ. ಅದು ಯಾವ ಕಿಂಡಿಯ ಎದುರು ನಿಲ್ಲಬೇಕು ಎಂಬುದನ್ನು ಒಳಗಿದ್ದವರು ದೂರದಿಂದಲೇ ನಿಯಂತ್ರಿಸಬಹುದಿತ್ತು. ಕ್ಯಾಮೆರಾ ಕಂಡದ್ದು ರೇಡಿಯೊ ತರಂಗದ ಮೂಲಕ ಮಲಗುವ ಕೋಣೆಯ ಟಿವಿ ಪರದೆಗೆ ಬರುತ್ತಿತ್ತು.

ಅಲ್ಲಿಗೇ ನಿಲ್ಲಲಿಲ್ಲ. ಹೊರಗಿನವರೊಂದಿಗೆ ಮಾತನಾಡಲು ಮೈಕ್ ಮತ್ತು ಸ್ಪೀಕರ್ ಸೇರಿಸಿದರು. ಬಂದವರು ಬೇಕಾದವರಾದರೆ ಹಾಸಿಗೆಯಿಂದ ಏಳದೆಯೇ ಬಾಗಿಲ ಚಿಲಕ ತೆರೆಯಲು ಒಂದು ಸ್ವಿಚ್. ಬೇಡದವರಾದರೆ ಕಾವಲುಗಾರರಿಗೋ ಪೊಲೀಸರಿಗೋ ಎಚ್ಚರಿಕೆ ಮುಟ್ಟಿಸಲು ಇನ್ನೊಂದು ಬಟನ್. ನೋಡುವುದು, ಮಾತನಾಡುವುದು, ತೆರೆಯುವುದು, ಸಹಾಯಕ್ಕೆ ಕರೆಯುವುದು, ನಾಲ್ಕೂ ಒಂದೇ ಕಡೆ.

1966ರ ಆಗಸ್ಟ್ 1ರಂದು ದಂಪತಿ ಪೇಟೆಂಟ್‌ಗೆ ಅರ್ಜಿ ಹಾಕಿದರು. ಮೇರಿಗೆ ಆಗ 43 ವರ್ಷ. ಅರ್ಜಿಯಲ್ಲಿ ಮೊದಲು ಇದ್ದದ್ದು ಅವರ ಹೆಸರು, ಆಮೇಲೆ ಆಲ್ಬರ್ಟ್ ಹೆಸರು. ಕಪ್ಪುವರ್ಣೀಯರಿಗೆ ಸಮಾನ ಹಕ್ಕು ನೀಡುವ ನಾಗರಿಕ ಹಕ್ಕುಗಳ ಕಾಯ್ದೆ ಅಮೆರಿಕದಲ್ಲಿ ಜಾರಿಯಾಗಿ ಆಗಿನ್ನೂ ಎರಡೇ ವರ್ಷವಾಗಿತ್ತು. ಕಪ್ಪು ಮಹಿಳೆಯೊಬ್ಬರ ಹೆಸರು ಪೇಟೆಂಟ್ ಪತ್ರದಲ್ಲಿ ಮೊದಲು ಬರುವುದು ಅಪರೂಪವೇ ಆಗಿದ್ದ ಕಾಲ ಅದು.

ಮೂರು ವರ್ಷದ ಬಳಿಕ, 1969ರ ಡಿಸೆಂಬರ್ 2ರಂದು ಪೇಟೆಂಟ್ ಮಂಜೂರಾಯಿತು. ಸಂಖ್ಯೆ 3,482,037. ಅದೇ ವಾರ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಈ ಆವಿಷ್ಕಾರದ ಬಗ್ಗೆ ವರದಿ ಮಾಡಿತು. ಮನೆಯಲ್ಲಿ ಒಂಟಿಯಾಗಿರುವ ಮಹಿಳೆ ಒಂದು ಬಟನ್ ಒತ್ತಿದರೆ ತಕ್ಷಣ ಎಚ್ಚರಿಕೆ ಮೊಳಗಿಸಬಹುದು, ವೈದ್ಯರ ಕ್ಲಿನಿಕ್‌ಗಳಲ್ಲಿ ಅಳವಡಿಸಿದರೆ ದರೋಡೆ ತಪ್ಪಿಸಬಹುದು ಎಂಬುದು ಮೇರಿ ಅವರ ನಿರೀಕ್ಷೆಯಾಗಿತ್ತು. ಮನೆಗಷ್ಟೇ ಅಲ್ಲ, ವ್ಯವಹಾರದ ಜಾಗಕ್ಕೂ ಇದು ಬೇಕಾಗುತ್ತದೆ ಎಂಬುದು ಅವರಿಗೆ ಆಗಲೇ ಹೊಳೆದಿತ್ತು.

ಕೈಗೆ ಬಂದ ಪೇಟೆಂಟ್, ಬಾರದ ಮಾರುಕಟ್ಟೆ

ಕ್ಲೋಸ್ಡ್ ಸರ್ಕ್ಯೂಟ್ ಟಿವಿ ಎಂಬ ತಂತ್ರಜ್ಞಾನವನ್ನೇ ಮೇರಿ ಕಂಡುಹಿಡಿದರು ಎಂದರೆ ತಪ್ಪಾಗುತ್ತದೆ. 1942ರಲ್ಲೇ ಜರ್ಮನಿಯ ಪೀನಮುಂಡೆಯಲ್ಲಿ ವಿ-2 ರಾಕೆಟ್ ಉಡಾವಣೆಯನ್ನು ಸುರಕ್ಷಿತ ದೂರದಿಂದ ನೋಡಲು ವಾಲ್ಟರ್ ಬ್ರುಖ್ ಎಂಬ ಎಂಜಿನಿಯರ್ ಇಂಥ ಏರ್ಪಾಡು ಮಾಡಿದ್ದರು. ಸೇನೆ, ಸರ್ಕಾರ, ಕಾರ್ಖಾನೆಗಳ ಕೈಯಲ್ಲಿದ್ದ ಆ ಕ್ಯಾಮೆರಾವನ್ನು ಸಾಮಾನ್ಯ ಮನೆಯೊಂದರ ಹೊಸ್ತಿಲಿಗೆ ತಂದದ್ದು ಮೇರಿ ಅವರ ಹೆಗ್ಗಳಿಕೆ.

ಆದರೆ ತಂದ ಕಾಲ ತೀರಾ ಮುಂಚಿನದಾಗಿತ್ತು. ಆಗಿನ ಟಿವಿ ಕ್ಯಾಮೆರಾಗಳಲ್ಲಿ ಇದ್ದದ್ದು ಗಾಜಿನ ಕೊಳವೆ. ಗಾತ್ರ ದೊಡ್ಡದು, ಬೆಲೆ ದುಬಾರಿ. ಅದರ ಮೇಲೆ ಮೋಟಾರು, ರೇಡಿಯೊ ಉಪಕರಣ, ಪ್ರತ್ಯೇಕ ಟಿವಿ ಎಲ್ಲ ಸೇರಿದರೆ ಮಧ್ಯಮ ವರ್ಗದ ಮನೆಗೆ ನಿಲುಕುವ ಮಾತಾಗಿರಲಿಲ್ಲ. ಮೇರಿ ದಂಪತಿಯ ವ್ಯವಸ್ಥೆ ಅವರ ಜೀವಿತಕಾಲದಲ್ಲಿ ಮನೆಮನೆಗೆ ತಲುಪುವ ಸರಕಾಗಲೇ ಇಲ್ಲ.

ಅಮೆರಿಕದ ಅಂದಿನ ಕಾನೂನಿನಂತೆ ಪೇಟೆಂಟ್ ಹಕ್ಕು ಮಂಜೂರಾದ ದಿನದಿಂದ 17 ವರ್ಷ ಮಾತ್ರ. ಅಂದರೆ 1986ರ ಡಿಸೆಂಬರ್‌ಗೆ ಅವಧಿ ಮುಗಿಯಿತು. ವಿಪರ್ಯಾಸವೆಂದರೆ, ಕ್ಯಾಮೆರಾವನ್ನು ಅಗ್ಗವಾಗಿಸಿದ ಸಿಸಿಡಿ ಚಿಪ್‌ನ ಕಲ್ಪನೆ ಬೆಲ್ ಲ್ಯಾಬ್ಸ್‌ನಲ್ಲಿ ಮೂಡಿದ್ದೂ ಮೇರಿಗೆ ಪೇಟೆಂಟ್ ಸಿಕ್ಕ 1969ರಲ್ಲೇ. ಆ ಚಿಪ್ ಮಾಗಿ, ಕ್ಯಾಮೆರಾ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾಗಿ ಮನೆಮನೆಗೂ ಬರುವ ಹೊತ್ತಿಗೆ ಮೇರಿ ಅವರ ಹಕ್ಕಿನ ಗಡುವು ದಾಟಿತ್ತು. ಇಂಟರ್ನೆಟ್‌ಗೆ ನೇರವಾಗಿ ಜೋಡಿಸಬಹುದಾದ ಮೊದಲ ಕ್ಯಾಮೆರಾ ಸ್ವೀಡನ್‌ನ ಆಕ್ಸಿಸ್ ಕಂಪನಿಯಿಂದ ಬಂದಿದ್ದು 1996ರಲ್ಲಿ.

1999ರ ಫೆಬ್ರವರಿ 2ರಂದು, ತಮ್ಮ 76ನೇ ವಯಸ್ಸಿನಲ್ಲಿ ಮೇರಿ ನಿಧನರಾದರು. ಮಗಳು ನಾರ್ಮಾ ಕೂಡ ತಾಯಿಯಂತೆ ನರ್ಸ್ ಆದರು, ಆವಿಷ್ಕಾರಕಿಯೂ ಆದರು. ಮೇರಿ ಅವರ ಪೇಟೆಂಟನ್ನು ನಂತರದ ಮೂವತ್ತಕ್ಕೂ ಹೆಚ್ಚು ಪೇಟೆಂಟ್‌ಗಳು ಆಧಾರವಾಗಿ ಉಲ್ಲೇಖಿಸಿವೆ. ವಿಡಿಯೊ ಡೋರ್‌ಬೆಲ್‌ ಇರಲಿ, ಅಪಾರ್ಟ್‌ಮೆಂಟ್ ಗೇಟಿನ ಇಂಟರ್‌ಕಾಮ್‌ ಇರಲಿ, ಎಲ್ಲದರ ಒಳಗೂ ಆ ನಾಲ್ಕು ಕಿಂಡಿಯ ಬಾಗಿಲಿನ ನೆನಪಿದೆ.

ಕ್ಯಾಮೆರಾ ಕೊಳ್ಳುವವರಿಗೆ ಮೇರಿ ಕಲಿಸುವ ಪಾಠ

ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ನಮ್ಮಲ್ಲಿದೆ. ಪಕ್ಕದ ಮನೆಯಲ್ಲಿ ಕಳ್ಳತನವಾದ ಮರುದಿನ ಆನ್‌ಲೈನ್‌ನಲ್ಲಿ ಸಿಕ್ಕ ಆಫರ್‌ಗೆ ಕ್ಯಾಮೆರಾ ಆರ್ಡರ್ ಮಾಡುವವರೇ ಹೆಚ್ಚು. ಮೇರಿ ಮೊದಲು ತಮ್ಮ ಭಯ ಯಾವುದು ಎಂದು ಗುರುತಿಸಿಕೊಂಡರು, ಉಪಕರಣದ ಯೋಚನೆ ಆಮೇಲೆ. ಮನೆಗಾದರೂ ಅಂಗಡಿಗಾದರೂ ಆ ಕ್ರಮ ಇಂದಿಗೂ ಸರಿ. ಬಾಗಿಲಲ್ಲಿ ಯಾರಿದ್ದಾರೆ ಎಂಬುದು ತಿಳಿಯಬೇಕೇ, ಗಲ್ಲಾಪೆಟ್ಟಿಗೆ ಮೇಲೆ ಕಣ್ಣಿಡಬೇಕೇ, ರಾತ್ರಿ ಗೋದಾಮು ಕಾಯಬೇಕೇ ಎಂಬುದರ ಮೇಲೆ ಕ್ಯಾಮೆರಾ ಬದಲಾಗುತ್ತದೆ.

ಎರಡನೆಯದು ಎತ್ತರ. ನಾಲ್ಕು ಕಿಂಡಿ ಇಟ್ಟದ್ದು ಮುಖ ಕಾಣಲಿ ಎಂದು. ಚಾವಣಿಯ ಮೂಲೆಗೆ ಹಾಕಿದ ಕ್ಯಾಮೆರಾದಲ್ಲಿ ಎಷ್ಟೋ ಸಲ ಸಿಗುವುದು ಟೋಪಿ, ಹೆಲ್ಮೆಟ್ ಮತ್ತು ನೆತ್ತಿ. ಪ್ರವೇಶದ್ವಾರದ ಒಂದು ಕ್ಯಾಮೆರಾವಾದರೂ ಮುಖದ ಮಟ್ಟಕ್ಕೆ ಹತ್ತಿರ ಇರಲಿ. 2.8 ಎಂಎಂ ಲೆನ್ಸ್ ವಿಶಾಲ ಜಾಗ ತೋರಿಸುತ್ತದೆ, ಆದರೆ ದೂರದ ಮುಖ ಸಣ್ಣದಾಗುತ್ತದೆ. ಗೇಟು ದೂರದಲ್ಲಿದ್ದರೆ 4 ಅಥವಾ 6 ಎಂಎಂ ಲೆನ್ಸ್ ಕೇಳಿ.

ಮೂರನೆಯದು ಸಂಗ್ರಹ. ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್‌ನಂತೆ ದಿನವಿಡೀ ರೆಕಾರ್ಡ್ ಮಾಡಿದರೆ ದಿನಕ್ಕೆ ಸುಮಾರು 21.6 ಜಿಬಿ ಬೇಕು. ನಾಲ್ಕು ಕ್ಯಾಮೆರಾ, 30 ದಿನ ಎಂದರೆ ಸುಮಾರು 2.6 ಟಿಬಿ. 1 ಟಿಬಿ ಹಾರ್ಡ್‌ಡಿಸ್ಕ್ ಕೊಟ್ಟು ತಿಂಗಳ ದೃಶ್ಯ ಉಳಿಯುತ್ತದೆ ಎಂದು ಯಾರಾದರೂ ಹೇಳಿದರೆ ಈ ಲೆಕ್ಕ ಮುಂದಿಡಿ.

ನಾಲ್ಕನೆಯದು ಕರೆಂಟು ಮತ್ತು ವೈಫೈ. ವೈರ್‌ಲೆಸ್ ಎಂದು ಮಾರುವ ಹಲವು ಕ್ಯಾಮೆರಾಗಳಿಗೂ ವಿದ್ಯುತ್ ತಂತಿ ಬೇಕೇ ಬೇಕು. ಕರೆಂಟು ಹೋದಾಗ ರೂಟರ್ ಕೂಡ ಆರಿದರೆ ಮೊಬೈಲ್‌ಗೆ ದೃಶ್ಯ ಬರುವುದಿಲ್ಲ. ಚಿಕ್ಕ ಯುಪಿಎಸ್ ಒಂದನ್ನು ಬಜೆಟ್‌ನಲ್ಲೇ ಸೇರಿಸಿಕೊಳ್ಳಿ. ಅಂಗಡಿ, ಕಚೇರಿಗಳಿಗೆ ಕೇಬಲ್ ಎಳೆದ ವ್ಯವಸ್ಥೆ ಹೆಚ್ಚು ಭರವಸೆಯದು.

ಐದನೆಯದು ಮೇರಿ ಕಾಲದಲ್ಲಿ ಇಲ್ಲದ ಅಪಾಯ. ಅವರ ಕ್ಯಾಮೆರಾದ ಚಿತ್ರ ಹೋಗುತ್ತಿದ್ದುದು ಅವರದೇ ಮಲಗುವ ಕೋಣೆಗೆ. ಇಂದಿನದು ಇಂಟರ್ನೆಟ್‌ಗೆ ಹೋಗುತ್ತದೆ. 2016ರಲ್ಲಿ ಮಿರಾಯ್ ಎಂಬ ದುರುದ್ದೇಶದ ತಂತ್ರಾಂಶ, ಕಂಪನಿ ಕೊಟ್ಟ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಅಸಂಖ್ಯ ಕ್ಯಾಮೆರಾ ಮತ್ತು ಡಿವಿಆರ್‌ಗಳನ್ನು ವಶಕ್ಕೆ ಪಡೆದು ಹೆಸರಾಂತ ವೆಬ್‌ಸೈಟ್‌ಗಳೇ ಸ್ತಬ್ಧವಾಗುವಂತೆ ಮಾಡಿತ್ತು. ಅಳವಡಿಸಿದ ದಿನವೇ ಪಾಸ್‌ವರ್ಡ್ ಬದಲಿಸಿ, ಸಾಫ್ಟ್‌ವೇರ್ ಅಪ್‌ಡೇಟ್ ಮಾಡುತ್ತಿರಿ. ಭಾರತದಲ್ಲೂ 2025ರ ಏಪ್ರಿಲ್‌ನಿಂದ ಸಿಸಿಟಿವಿ ಕ್ಯಾಮೆರಾಗಳಿಗೆ ಸೈಬರ್ ಭದ್ರತಾ ಪರೀಕ್ಷೆ ಕಡ್ಡಾಯವಾಗಿದೆ. ಕೊಳ್ಳುವ ಮಾಡೆಲ್‌ಗೆ ಅದು ಆಗಿದೆಯೇ ಎಂದು ಅಂಗಡಿಯವರನ್ನು ಕೇಳಿ.

ಕೊನೆಯದಾಗಿ, ಕ್ಯಾಮೆರಾ ಯಾರನ್ನು ನೋಡುತ್ತಿದೆ ಎಂಬುದು. ಮೇರಿ ಅವರ ಕ್ಯಾಮೆರಾ ನೋಡಿದ್ದು ತಮ್ಮ ಬಾಗಿಲಿಗೆ ಬಂದವರನ್ನು. ಫ್ಲ್ಯಾಟ್‌ನ ಕಿರಿದಾದ ಕಾರಿಡಾರ್‌ನಲ್ಲಿ ಎದುರು ಮನೆಯ ಬಾಗಿಲೊಳಗೆ ಇಣುಕುವ ಕ್ಯಾಮೆರಾ ಭದ್ರತೆಗಿಂತ ಜಗಳವನ್ನೇ ತರುತ್ತದೆ.

ಮೇರಿ ತಮ್ಮ ಪೇಟೆಂಟ್‌ನಿಂದ ಸಿರಿವಂತರಾಗಲಿಲ್ಲ. ಅವರ ಹೆಸರಿನ ಬ್ರ್ಯಾಂಡ್ ಯಾವ ಅಂಗಡಿಯಲ್ಲೂ ಇಲ್ಲ. ಆದರೆ ರಾತ್ರಿ ಪಾಳಿ ಮುಗಿಸಿ ಬಂದು ಒಂಟಿಯಾಗಿ ಮಲಗುವ ಯಾವುದೇ ಊರಿನ ನರ್ಸ್, ಬೆಲ್ ಸದ್ದಿಗೆ ಬೆಚ್ಚಿದರೂ ಎದ್ದು ಓಡದೆ ದಿಂಬಿನ ಪಕ್ಕದ ಪರದೆಯತ್ತ ಕೈ ಚಾಚಬಹುದು. 1966ರಲ್ಲಿ ಕ್ವೀನ್ಸ್‌ನ ಆ ಮನೆಯಲ್ಲಿ ಮೇರಿ ಬಯಸಿದ್ದೂ ಅಷ್ಟನ್ನೇ.